ಅಂಚಿನಲ್ಲಿ ಹಾಕಿದ ಬೀಜ

“ಅಕ್ಕಾ, ಇದು ನನ್ ಬೀಜ ಅಲ್ಲ.”

ಹೀಗೆ ಹೇಳಿದ್ದು ಎರಡನೇ ಕ್ಲಾಸಿನ ಒಬ್ಬ ಹುಡುಗಿ. ಅವಳ ಕೈಯಲ್ಲಿ ಅರ್ಧ ತೆಂಗಿನ ಚಿಪ್ಪು. ಅದರ ತುಂಬ ಮಣ್ಣು, ಮಣ್ಣಿನ ನಡುವೆ ಎರಡೆಲೆ ಬಿಚ್ಚಿದ ಅವರೆ ಸಸಿ. ಸುತ್ತ ಇದ್ದ 17 ಮಕ್ಕಳು ತಮ್ಮ ತಮ್ಮ ಚಿಪ್ಪು ಹಿಡಿದು ಕುಣಿಯುತ್ತಿದ್ದರು. ಇವಳು ಮಾತ್ರ ಕುಣಿಯಲಿಲ್ಲ. ಚಿಪ್ಪನ್ನು ಒಂದು ಸುತ್ತು ತಿರುಗಿಸಿ ನೋಡಿದಳು. ನನ್ನ ಮುಖ ನೋಡಿದಳು. ಮತ್ತೆ ಅದೇ ಮಾತು ಹೇಳಿದಳು.

ಅವಳು ಹೇಳಿದ್ದು ನಿಜ. ಅದು ಅವಳ ಬೀಜ ಅಲ್ಲ ಎನ್ನುವುದು ಆ ಕೋಣೆಯಲ್ಲಿ ನನಗೊಬ್ಬಳಿಗೇ ಗೊತ್ತಿದೆ ಅಂದುಕೊಂಡಿದ್ದೆ.

ತುಮಕೂರು ಜಿಲ್ಲೆಯ ನಮ್ಮೂರಿನ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಶನಿವಾರ ಮಧ್ಯಾಹ್ನ ನಾನು ಚಿಕ್ಕ ಮಕ್ಕಳಿಗೆ ಕಥೆ ಹೇಳುತ್ತೇನೆ. ಪಂಚಾಯಿತಿ ಕಚೇರಿಗೆ ಅಂಟಿಕೊಂಡ ಒಂದೇ ಕೋಣೆ. ನಾನು ಹೈಸ್ಕೂಲಿಗೆ ಹೋಗುತ್ತಿದ್ದಾಗ ಅಲ್ಲಿ ಒಂದು ಉದ್ದ ಮೇಜು, ನಾಲ್ಕು ದಿನಪತ್ರಿಕೆ, ಅವನ್ನು ಓದುವ ನಾಲ್ಕೈದು ಹಿರಿಯರು, ಬೀಗ ಹಾಕಿದ ಎರಡು ಬೀರು ಇದ್ದವು. ಮಕ್ಕಳು ಒಳಗೆ ಬಂದರೆ ‘ಏಯ್, ಗಲಾಟೆ’ ಎಂದು ಯಾರಾದರೂ ಗದರುತ್ತಿದ್ದರು. 2019ರಲ್ಲಿ ಈ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಮರುವರ್ಷ, ಕೊರೊನಾದಿಂದ ಶಾಲೆಗಳು ಮುಚ್ಚಿದ್ದಾಗ ‘ಓದುವ ಬೆಳಕು’ ಶುರುವಾಗಿ, 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತವಾಯಿತು. ಈಗ ಬೋರ್ಡಿನ ಮೇಲೆ ‘ಅರಿವು ಕೇಂದ್ರ’ ಎಂದಿದೆ. ಬೀರುಗಳಿಗೆ ಬೀಗ ಇಲ್ಲ. ಗೋಡೆಗೆ ಚಿತ್ರ ಬಂದಿದೆ, ಮೂಲೆಯಲ್ಲಿ ಕೇರಂ ಬೋರ್ಡ್ ಇದೆ. ಆರು ವರ್ಷದವರ ಸೊಂಟದ ಮೇಲೆ ಕೂತು ಮೂರು ವರ್ಷದ ತಮ್ಮ ತಂಗಿಯರೂ ಬರುತ್ತಾರೆ. ಅವರಿಗೆ ಸದಸ್ಯತ್ವ ಇಲ್ಲ, ಆದರೂ ಅವರೇ ಮುಂದಿನ ಸಾಲು.

ಬೆಂಗಳೂರಿನ ಪತ್ರಿಕೆಯ ಕೆಲಸ ಬಿಟ್ಟು ಊರಿಗೆ ಬಂದ ಮೇಲೆ, ಗ್ರಂಥಾಲಯದ ಮೇಲ್ವಿಚಾರಕರು ಒಂದು ದಿನ, “ವಾರಕ್ಕೊಂದ್ ಗಂಟೆ ಬಂದು ಮಕ್ಳಿಗೆ ಏನಾರ ಓದಿ ಹೇಳಮ್ಮ, ನನ್ ದನಿಗೆ ಅವು ನಿದ್ದೆ ಮಾಡ್ತವೆ” ಎಂದರು. ಒಪ್ಪಿಕೊಂಡೆ.

ಮೊದಲ ಶನಿವಾರ ಒಂದು ಚಿತ್ರಪುಸ್ತಕ ತೆಗೆದುಕೊಂಡೆ. ಒಂದು ಮಗು ಬೀಜ ಹಾಕುತ್ತದೆ, ನೀರು ಹಾಕುತ್ತದೆ, ಸೂರ್ಯ ನಗುತ್ತಾನೆ, ಮೋಡ ನಗುತ್ತದೆ, ಕೊನೆಯ ಪುಟದಲ್ಲಿ ಗಿಡದ ತುಂಬ ಹಣ್ಣು. ಓದಿ ಮುಗಿಸಿ, “ಚೆನ್ನಾಗಿತ್ತಾ?” ಎಂದೆ. ಮುಂದಿನ ಸಾಲಿನ ಹುಡುಗನೊಬ್ಬ ಕೇಳಿದ: “ಕೋಳಿ ಎಲ್ಲಿ?”

“ಯಾವ ಕೋಳಿ?”

“ಕೆದಕೋ ಕೋಳಿ. ಬೀಜ ಹಾಕಿದ್ ತಕ್ಷಣ ಬಂದು ಕೆದಕ್ತವಲ್ಲ?”

ಅಲ್ಲಿಂದ ಶುರುವಾಯಿತು. ಗೊಬ್ಬರ ಯಾರು ಹಾಕಿದ್ರು? ಆ ಹುಡುಗನ ಮನೇಲಿ ಆಡು ಇಲ್ವಾ? ಅಷ್ಟು ಹಣ್ಣು ಬಿಟ್ರೆ ಮಂಗ ಬರಲ್ವಾ? ಪುಸ್ತಕ ಬರೆದವರು ಯಾವ ಊರಿನವರೋ, ಅವರಿಗೆ ಕೋಳಿಯ ಕಾಟ ಇರಲಿಲ್ಲ. ಈ ಮಕ್ಕಳಿಗೆ ಇತ್ತು.

ಮುಂದಿನ ವಾರದಿಂದ ಪುಸ್ತಕದ ಜತೆಗೆ ನಮ್ಮ ಅಜ್ಜಿಯ ಹಿತ್ತಲಿನ ಕಥೆಗಳನ್ನೂ ಹೇಳತೊಡಗಿದೆ. ಬಚ್ಚಲ ನೀರು ಕಾಲುವೆ ಹಿಡಿದು ಬಾಳೆ ಬುಡಕ್ಕೆ ಹೋಗುತ್ತಿದ್ದುದು. ಬಚ್ಚಲುಮನೆ ಹೆಂಚಿನ ಮೇಲೆ ಹಬ್ಬಿದ ಸೋರೆ ಬಳ್ಳಿ, ಅದರ ಕಾಯಿ ಇಳಿಸಲು ನನ್ನನ್ನು ಹತ್ತಿಸುತ್ತಿದ್ದುದು. ಬೀಜಕ್ಕೆ ಬಿಟ್ಟ ಹೀರೇಕಾಯಿಯನ್ನು ಒಲೆಯ ಮೇಲೆ ಹೊಗೆಗೆ ತೂಗುಹಾಕುತ್ತಿದ್ದುದು. ಅವರೆ, ಅಲಸಂದೆ ಬೀಜಕ್ಕೆ ಬೂದಿ ಬೆರೆಸಿ ಮಡಕೆಯಲ್ಲಿ ತುಂಬಿಡುತ್ತಿದ್ದುದು. ಹಾಗಲಬೀಜದ ಸಿಪ್ಪೆ ಗಟ್ಟಿ, ರಾತ್ರಿ ನೆನೆಹಾಕಿ ಬೆಳಿಗ್ಗೆ ಊರಬೇಕು ಎನ್ನುತ್ತಿದ್ದುದು. ಪಾತಿ ಮಾಡಿದ ಮೇಲೆ ಕೋಳಿ ಕೆದಕದ ಹಾಗೆ ಜಾಲಿಮುಳ್ಳು ಮುಚ್ಚುತ್ತಿದ್ದುದು. ಜಾಲಿಮುಳ್ಳು ಬಂದ ಕೂಡಲೇ ಕೋಳಿ ಹುಡುಗನಿಗೆ ಸಮಾಧಾನವಾಯಿತು.

ಚಿಕ್ಕ ಮಕ್ಕಳಿಗೆ ಕಥೆ ಹೇಳುವಾಗ ಒಂದು ವಿಷಯ ಬೇಗ ಗೊತ್ತಾಗುತ್ತದೆ. ಹತ್ತು ನಿಮಿಷ ದಾಟಿದರೆ ಕೈಗೆ ಏನಾದರೂ ಕೊಡಬೇಕು, ಇಲ್ಲದಿದ್ದರೆ ಆ ಕೈ ಪಕ್ಕದವರ ಜಡೆಗೆ ಹೋಗುತ್ತದೆ. ಅದಕ್ಕೇ ಆಷಾಢದ ಒಂದು ಶನಿವಾರ ಬೀಜ ಹಾಕಿಸೋಣ ಎಂದುಕೊಂಡೆ. ನಮ್ಮ ಕಡೆ ರಾಗಿ ಹೊಲದ ಅಕ್ಕಡಿ ಸಾಲಿಗೆ ಅವರೆ ಬೀಳುವ ಕಾಲ. ಪ್ಲಾಸ್ಟಿಕ್ ಲೋಟ ಬೇಡ ಎಂದು ತೆಂಗಿನ ಚಿಪ್ಪು ಒಟ್ಟುಮಾಡಿದೆ. ನಮ್ಮೂರಲ್ಲಿ ಚಿಪ್ಪಿಗೇನು ಬರ? 18 ಮಕ್ಕಳು, 18 ಚಿಪ್ಪು. ಕೆರೆಗೋಡು ಫಲವತ್ತು ಎಂದು ಅದನ್ನೇ ತುಂಬಿದೆ, ಮೇಲೆ ಒಂದಿಷ್ಟು ಕೊಟ್ಟಿಗೆ ಗೊಬ್ಬರ.

ತೆಂಗಿನಕಾಯಿ ಒಡೆದಾಗ ಮೂರು ಕಣ್ಣೂ ಒಂದೇ ಹೋಳಿಗೆ ಹೋಗುತ್ತವೆ. ಆ ಮೂರರಲ್ಲಿ ಒಂದು ಮೆತ್ತಗಿರುತ್ತದೆ. ಕಾಯಿ ಮೊಳಕೆ ಒಡೆಯುವುದೂ ಅಲ್ಲಿಂದಲೇ. ಮೊಳೆಯಿಂದ ಚುಚ್ಚಿದರೆ ಅದು ಸಲೀಸಾಗಿ ತೂತಾಗುತ್ತದೆ, ಹೆಚ್ಚಾದ ನೀರು ಇಳಿದುಹೋಗುತ್ತದೆ. 12 ಚಿಪ್ಪಿಗೆ ಹಾಗೆ ತೂತು ಮಾಡಿದೆ. ಉಳಿದ 6 ಕಣ್ಣಿಲ್ಲದ ಹೋಳುಗಳು. ಒಂದಕ್ಕೆ ಮೊಳೆ ಇಟ್ಟು ಹೊಡೆಯಲು ಹೋದೆ, ಬಿರುಕು ಬಿಟ್ಟಿತು. ಅದನ್ನು ಬಿಸಾಕಿ ಇನ್ನೊಂದು ತಂದೆ. ಅದೂ ಕಣ್ಣಿಲ್ಲದ್ದೇ. ‘ಹೋಗಲಿ, ಒಂದು ವಾರಕ್ಕೇನಾಗುತ್ತೆ’ ಎಂದು ಆರನ್ನೂ ಹಾಗೇ ಬಿಟ್ಟೆ.

ಮಕ್ಕಳು ಬೀಜ ಊರಿದರು. ಚಿಪ್ಪಿಗೆ ಬಣ್ಣದ ದಾರ ಕಟ್ಟಿ ಗುರುತು ಮಾಡಿಕೊಂಡರು. ಶಾಲೆಗೆ ಹೋಗುವಾಗ ಬರುವಾಗ ಗ್ರಂಥಾಲಯದ ಕಿಟಕಿಯ ಕಟ್ಟೆ ಮೇಲಿದ್ದ ಚಿಪ್ಪಿಗೆ ನೀರು ಹಾಕಿದರು. ಮಕ್ಕಳ ನೀರು ಎಂದರೆ ಗೊತ್ತಲ್ಲ, ಪ್ರೀತಿ ಇದ್ದಷ್ಟೂ ನೀರು.

ಶುಕ್ರವಾರ ಸಂಜೆ ಮೇಲ್ವಿಚಾರಕರ ಹತ್ತಿರ ಬೀಗದ ಕೈ ಇಸಕೊಂಡು ಹೋಗಿ ನೋಡಿದೆ. 13 ಚಿಪ್ಪಿನಲ್ಲಿ ಸಸಿ ಎದ್ದಿತ್ತು. 5ರಲ್ಲಿ ಬರೀ ಮಣ್ಣು.

ನಾಳೆ ಆ ಐದು ಮಕ್ಕಳ ಮುಖ ಹೇಗಿರುತ್ತದೆ ಎಂದು ಯೋಚಿಸಿದೆ. ಮನೆಯಲ್ಲಿ ನಾನೂ ಅದೇ ದಿನ ಒಂದು ಬುಟ್ಟಿಗೆ ಹತ್ತಾರು ಅವರೆ ಹಾಕಿದ್ದೆ, ಎಲ್ಲ ಎದ್ದಿದ್ದವು. ಹೋಗಿ ಐದು ಸಸಿ ಮಣ್ಣುಸಮೇತ ಕಿತ್ತು ತಂದೆ. ಐದು ಚಿಪ್ಪಿನ ಮಣ್ಣನ್ನು ಪಂಚಾಯಿತಿ ಹಿಂದಿನ ನಲ್ಲಿಯ ಹತ್ತಿರ ಸುರಿದು, ಸಸಿ ನೆಟ್ಟು, ಮೇಲೆ ಮಣ್ಣು ಸವರಿ, ದಾರ ಸರಿಮಾಡಿ ಇಟ್ಟೆ. ಒಳ್ಳೆಯ ಕೆಲಸ ಮಾಡಿದೆ ಅಂದುಕೊಂಡೇ ಮನೆಗೆ ಹೋದೆ.

ಶನಿವಾರ ನಾಲ್ಕು ಮಕ್ಕಳಿಗೆ ಏನೂ ಗೊತ್ತಾಗಲಿಲ್ಲ. ಐದನೆಯವಳಿಗೆ ಗೊತ್ತಾಯಿತು.

“ನಿಂದೇ ಕಣಮ್ಮ, ನೋಡು ಕೆಂಪು ದಾರ ಇದೆ” ಎಂದೆ.

“ದಾರ ನಂದೇ. ಬೀಜ ನಂದಲ್ಲ. ನಾನು ಅಂಚಲ್ಲಿ ಹಾಕಿದ್ದೆ. ಇದು ಮಧ್ಯದಲ್ಲಿ ಬಂದೈತೆ.”

“ಅಂಚಲ್ಲಿ ಯಾಕೆ ಹಾಕಿದ್ದೆ?”

“ನಮ್ಮನೇಲಿ ಗೋಡೆ ಪಕ್ಕಾನೇ ಹಾಕೋದು. ಮಧ್ಯ ಹಾಕಿದ್ರೆ ಎಲ್ರೂ ತುಳೀತಾರೆ.”

ಅವರ ಮನೆ ನನಗೆ ಗೊತ್ತು. ಒಂದೇ ಕೋಣೆ, ಮುಂದೆ ಬೀದಿ, ಹಿಂದೆ ಬೇರೆಯವರ ಗೋಡೆ. ಹಿತ್ತಲು ಎನ್ನುವುದಿಲ್ಲ. ಇಷ್ಟು ವಾರ ನಾನು ಹಿತ್ತಲಿನ ಕಥೆ ಹೇಳುತ್ತಿದ್ದಾಗ ಅವಳು ತನ್ನ ಮನೆಯ ಗೋಡೆಯಂಚಿನ ಒಂದು ಗೇಣು ಜಾಗದಲ್ಲಿ ಅದನ್ನೆಲ್ಲ ಹೊಂದಿಸಿಕೊಂಡು ಕೇಳುತ್ತಿದ್ದಳು. ಎಲ್ಲರಿಗೂ ಹಿತ್ತಲಿದೆ ಎಂದು ನಾನು ಅಂದುಕೊಂಡಿದ್ದೆ.

ಅವಳು ಸುಮ್ಮನಾಗಲಿಲ್ಲ. “ನನ್ ಬೀಜ ಎಲ್ಲೋಯ್ತು?” ಎಂದು ಕೇಳಿದಳು.

ಇದಕ್ಕೆ ಉತ್ತರ ಹುಡುಕುತ್ತ ನಿಂತ ಆ ಅರ್ಧ ನಿಮಿಷ ನನಗೆ ಈಗಲೂ ನೆನಪಿದೆ. ಇನ್ನೊಂದು ಸುಳ್ಳು ಸಿದ್ಧವಾಗಿತ್ತು. ಇಲಿ ಎಳೆದಿರಬೇಕು, ನೀರಿಗೆ ಜರುಗಿರಬೇಕು. ಏಳು ವರ್ಷದ ಮಗು, ನಂಬುತ್ತಿತ್ತು ಕೂಡ. ಅಥವಾ ನಂಬಿದ ಹಾಗೆ ಇದ್ದುಬಿಡುತ್ತಿತ್ತು. ಅಕ್ಕ ಹೇಳುವ ಕಥೆಗಳು ಹೀಗೇ ಎಂದುಕೊಂಡು.

“ನಿನ್ ಬೀಜ ಹುಟ್ಲಿಲ್ಲ ಪುಟ್ಟಿ. ನಿಂಗೆ ಬೇಜಾರಾಗುತ್ತೆ ಅಂತ ನಾನೇ ಬೇರೆ ಸಸಿ ತಂದು ಇಟ್ಟೆ” ಎಂದೆ. ಉಳಿದ ನಾಲ್ವರ ಹೆಸರನ್ನೂ ಹೇಳಿದೆ. ಒಬ್ಬ ಹುಡುಗ ಅಳತೊಡಗಿದ. ಅವನಿಗೆ ಆಗಬಾರದು ಎಂದು ನಾನು ತಪ್ಪಿಸಿದ ನೋವು ಒಂದು ದಿನ ತಡವಾಗಿ, ಎರಡರಷ್ಟಾಗಿ ಬಂದಿತ್ತು.

ಹುಡುಗಿ ಅಳಲಿಲ್ಲ. “ಎಲ್ಲಿ ಸುರಿದ್ರಿ? ತೋರ್ಸಿ” ಎಂದಳು.

ಎಲ್ಲರೂ ನಲ್ಲಿಯ ಹತ್ತಿರ ಹೋದೆವು. ಐದು ಮಣ್ಣಿನ ಮುದ್ದೆಗಳು ಇನ್ನೂ ಚಿಪ್ಪಿನ ಆಕಾರದಲ್ಲೇ ಬಿದ್ದಿದ್ದವು, ಒದ್ದೆ ಒದ್ದೆ. ಕಡ್ಡಿಯಿಂದ ಕೆದಕಿದರು. ಅಂಚಿನಲ್ಲೇ ಒಂದು ಬೀಜ ಸಿಕ್ಕಿತು. ಉಬ್ಬಿ, ಸಿಪ್ಪೆ ಬಿರಿದು, ಕಪ್ಪಗಾಗಿ ನಾರುತ್ತಿತ್ತು. “ಕೊಳ್ತೋಗೈತೆ” ಎಂದ ಕೋಳಿ ಹುಡುಗ. ಮೂಗು ಮುಚ್ಚಿಕೊಂಡೇ 18 ತಲೆಗಳು ಬಗ್ಗಿ ನೋಡಿದವು. ನಾನು ಹೇಳಿದ ಯಾವ ಕಥೆಯನ್ನೂ ಅವರು ಅಷ್ಟು ಗಮನ ಕೊಟ್ಟು ಕೇಳಿರಲಿಲ್ಲ.

ಯಾಕೆ ಕೊಳೆಯಿತು ಎಂಬ ಚರ್ಚೆ ಶುರುವಾಯಿತು. ನೀರು ಜಾಸ್ತಿಯಾಯಿತು ಎಂದರು ಕೆಲವರು. ನಾವೂ ಅಷ್ಟೇ ಹಾಕಿದ್ದೆವಲ್ಲ ಎಂದರು ಉಳಿದವರು. ಆಮೇಲೆ ಯಾರೋ ಚಿಪ್ಪುಗಳನ್ನು ಎತ್ತಿ ತಳ ನೋಡಿದರು. ಸತ್ತ ಐದೂ ಕಣ್ಣಿಲ್ಲದ ಚಿಪ್ಪು. ಆದರೆ ಕಣ್ಣಿಲ್ಲದ ಆರನೆಯ ಚಿಪ್ಪಿನಲ್ಲಿ ಮಾತ್ರ ಸಸಿ ಚೆನ್ನಾಗಿ ಎದ್ದಿತ್ತು. ಅದು ಯಾರದ್ದು? ನಡುವಿನ ಸಾಲಿನ ಹುಡುಗನೊಬ್ಬ ತಲೆ ತಗ್ಗಿಸಿ ಒಪ್ಪಿಕೊಂಡ: “ನಾನು ಅಜ್ಜಿ ಊರಿಗೆ ಹೋಗಿದ್ದೆ. ಮೊದಲ್ನೇ ದಿನ ಬಿಟ್ರೆ ನೀರೇ ಹಾಕಿಲ್ಲ.”

ಅಷ್ಟೇ. ಜಿಗುಟು ಕೆರೆಗೋಡು, ತೂತಿಲ್ಲದ ಚಿಪ್ಪು, ನಿಂತ ನೀರು. ಬೀಜಕ್ಕೂ ಉಸಿರು ಬೇಕು, ನೀರು ನಿಂತ ಮಣ್ಣಿನಲ್ಲಿ ಗಾಳಿ ಇರುವುದಿಲ್ಲ. ನಾನು ನಾಲ್ಕು ಶನಿವಾರ ಕಥೆ ಹೇಳಿದ್ದರೂ ಇದನ್ನು ಕಲಿಸಲು ಆಗುತ್ತಿರಲಿಲ್ಲ. ನನ್ನ ಸಸಿಗಳು ಆ ಚಿಪ್ಪಿನಲ್ಲೇ ಉಳಿದಿದ್ದರೆ ಅವರು ಯಾರೂ ತಳ ತಿರುಗಿಸಿ ನೋಡುತ್ತಲೂ ಇರಲಿಲ್ಲ. ತಪ್ಪು ಮಾಡಿದವಳು ನಾನು. ಅದನ್ನು ಮುಚ್ಚಿಹಾಕಿದ್ದೂ ನಾನೇ, ಅದೂ ಮಕ್ಕಳ ಸಂತೋಷದ ಹೆಸರಿನಲ್ಲಿ.

ಅವತ್ತು ರಾತ್ರಿ ನನಗೆ ನೆನಪಾಗಿದ್ದು ಒಂದು ಪಪ್ಪಾಯಿ ತೋಟ.

ಪತ್ರಿಕೆಯಲ್ಲಿದ್ದಾಗ ಕೃಷಿ ಪುಟಕ್ಕೆ ಒಂದು ಲೇಖನ ಬರೆದಿದ್ದೆ. ಒಂದು ಎಕರೆ ಪಪ್ಪಾಯಿ ಬೆಳೆದು ಒಳ್ಳೆಯ ದುಡ್ಡು ನೋಡಿದ ರೈತರ ಕಥೆ. ಮಾತಾಡಿಸುವಾಗ ಅವರು ಹೇಳಿದ್ದರು, ಅದಕ್ಕೆ ಮುಂಚಿನ ಎರಡು ವರ್ಷ ಉಂಗುರ ಚುಕ್ಕೆ ನಂಜುರೋಗ ಬಂದು ಗಿಡಗಳನ್ನೆಲ್ಲ ಕಿತ್ತು ಹಾಕಬೇಕಾಯಿತು ಎಂದು. ಗಿಡಹೇನುಗಳಿಂದ ಹರಡುವ ರೋಗ ಅದು, ಬಂದ ಮೇಲೆ ವಾಸಿಮಾಡುವ ಔಷಧಿ ಇಲ್ಲ. ನನ್ನ ಟಿಪ್ಪಣಿ ಪುಸ್ತಕದಲ್ಲಿ ಅದೆಲ್ಲ ಇತ್ತು. ಪುಟದಲ್ಲಿ ಜಾಗ ಕಡಿಮೆ ಇತ್ತು. ಓದುಗರಿಗೆ ಹುಮ್ಮಸ್ಸು ಬರಲಿ ಎಂದು ಆ ಎರಡು ವರ್ಷವನ್ನು ನಾನೇ ತೆಗೆದೆ. ಯಾರೂ ಹೇಳಿರಲಿಲ್ಲ. ಫೋಟೊದಲ್ಲಿ ರೈತರು ಹಣ್ಣು ಹಿಡಿದು ನಗುತ್ತಿದ್ದರು.

ಒಂದೂವರೆ ವರ್ಷದ ನಂತರ ಒಬ್ಬ ಯುವಕ ಫೋನ್ ಮಾಡಿದ. ಆ ಲೇಖನ ಓದಿ, ಕೆಲಸ ಬಿಟ್ಟು ಬಂದು ಪಪ್ಪಾಯಿ ಹಾಕಿದ್ದ. ಅದೇ ರೋಗ ಬಂದಿತ್ತು. ಬೈಯಲಿಲ್ಲ. “ಮೇಡಂ, ಅವ್ರಿಗೂ ಮೊದ್ಲು ಹೀಗೇ ಆಗಿತ್ತಂತೆ. ಹೋಗಿ ಕೇಳಿದ್ಮೇಲೆ ಹೇಳಿದ್ರು. ನೀವು ಅದೊಂದ್ ಸಾಲು ಬರ್ದಿದ್ರೆ ನಾನು ಕಾಲು ಎಕರೇಲಿ ಹಾಕಿ ನೋಡ್ತಿದ್ದೆ” ಎಂದಷ್ಟೇ ಹೇಳಿ ಇಟ್ಟ.

ಅವನಿಗೆ ಏನು ಉತ್ತರ ಕೊಡಬೇಕೆಂದು ಅವತ್ತು ಗೊತ್ತಾಗಿರಲಿಲ್ಲ. ನಲ್ಲಿಯ ಹತ್ತಿರ ಕೊಳೆತ ಬೀಜ ನೋಡಿದ ಮೇಲೆ ಗೊತ್ತಾಯಿತು: ಅವನ ಚಿಪ್ಪಿಗೂ ನಾನು ಬೇರೆಯವರ ಸಸಿಯನ್ನೇ ಇಟ್ಟಿದ್ದೆ. ಈ ಬ್ಲಾಗಿನಲ್ಲಿ ಬರೆಯುವ ನಾವೆಲ್ಲ ‘ಯಶೋಗಾಥೆ’ ಎಂಬ ಹಣೆಪಟ್ಟಿಯ ಕೆಳಗೆ ಎಷ್ಟೋ ಬರೆದಿದ್ದೇವೆ. ಅವುಗಳಲ್ಲಿ ಎಷ್ಟರಲ್ಲಿ ಕೋಳಿ ಇತ್ತು, ಎಷ್ಟರಲ್ಲಿ ಇರಲಿಲ್ಲ, ನಮ್ಮ ನಮ್ಮ ಟಿಪ್ಪಣಿ ಪುಸ್ತಕಗಳಿಗೆ ಗೊತ್ತು.

ಜಪಾನಿನ ತೆತ್ಸುಕೊ ಕುರೊಯಾನಗಿ ತನ್ನ ಶಾಲೆಯ ದಿನಗಳ ಬಗ್ಗೆ ಬರೆದ ‘ತೊತ್ತೊ-ಚಾನ್’ ನಮ್ಮಲ್ಲಿ ಬಹಳ ಜನ ಓದಿರುತ್ತೀರಿ. ಅದರಲ್ಲಿ ಹೆಡ್‌ಮಾಸ್ಟರು ಒಬ್ಬ ರೈತನನ್ನು ಮಕ್ಕಳ ಮುಂದೆ ತಂದು ಇವರೇ ನಿಮ್ಮ ಬೇಸಾಯದ ಮೇಷ್ಟ್ರು ಎನ್ನುತ್ತಾರೆ. ನಾನೂ ಆ ಉಪಾಯ ಮಾಡಿದೆ. ಬಸ್‌ಸ್ಟ್ಯಾಂಡಿನಲ್ಲಿ ಸೊಪ್ಪು ಮಾರುವ ಅಜ್ಜಿಯೊಬ್ಬರಿದ್ದಾರೆ. ಅವರನ್ನು ಕರೆದೆ. “ನಂಗೆ ಓದಾಕ್ ಬರಾಕಿಲ್ಲ ಕಣವ್ವ, ಅಲ್ಲೇನ್ ಮಾಡ್ಲಿ” ಎಂದರು. “ಓದೋದ್ ಬೇಡ ಅಜ್ಜಿ. ನಿಮ್ ಬೆಳೆ ಹಾಳಾಗಿದ್ ಕಥೆ ಹೇಳಿ” ಎಂದೆ. ಜೋರಾಗಿ ನಕ್ಕರು. “ಅದಾದ್ರೆ ಬೇಕಾದಷ್ಟೈತೆ” ಎಂದು ಬಂದರು.

ಅಜ್ಜಿ ಹೇಳಿದ್ದು ಒಂದು ಬರಗಾಲದ ಕಥೆ. ಮಳೆ ಬಂತೆಂದು ಬಿತ್ತಿದರು, ಒಣಗಿತು. ಮತ್ತೆ ಬಿತ್ತಿದರು, ಮತ್ತೆ ಒಣಗಿತು. ಮೂರನೇ ಸಲಕ್ಕೆಂದು ಮಡಕೆಯಲ್ಲಿ ಒಂದು ಸೇರು ಬಿತ್ತನೆ ಅವರೆ ಉಳಿದಿತ್ತು. “ಮನೇಲಿ ಮಕ್ಳು ಹಸ್ಕಂಡ್ ಮಲ್ಗಿದ್ವು. ಬೂದಿ ತೊಳ್ದು ಬಿತ್ನೆ ಕಾಳ್ನೇ ಬೇಯ್ಸ್ಬಿಟ್ಟೆ. ನಮ್ಮತ್ತೆ ಮೂರ್ ದಿನ ಮಾತಾಡ್ಲಿಲ್ಲ” ಎಂದರು.

ಕೋಣೆಯಲ್ಲಿ ಸದ್ದಿಲ್ಲ. ಮುಂದಿನ ಸಾಲಿನ ಮೂರು ವರ್ಷದ ಮಗು ಕೂಡ ಅಜ್ಜಿಯ ಬಾಯನ್ನೇ ನೋಡುತ್ತಿತ್ತು.

“ಆಮೇಲೆ?” ಎಂದಳು ಕೆಂಪು ದಾರದ ಹುಡುಗಿ.

“ಆಮೇಲೇನು, ಮುಂದಿನ್ ವರ್ಷ ಪಕ್ಕದೂರಾಗೆ ಒಬ್ರತ್ರ ಒಂದ್ ಸೇರು ಬೀಜ ಈಸ್ಕಂಬಂದೆ. ಬೆಳೆ ಆದ್ಮೇಲೆ ಎರಡ್ ಸೇರು ವಾಪಸ್ ಕೊಟ್ಟೆ. ನಿಮ್ಮಕ್ಕ ಕೊಟ್ಳಲ್ಲ ನಿಮ್ಗೆ, ಆ ಕಾಳು ಅದೇ ಬೀಜದ್ದು.” ಹೌದು, ಬೀಜವನ್ನು ನಾನು ತಂದಿದ್ದು ಅವರಿಂದಲೇ. ಅಜ್ಜಿ ಕೇಳಿದ್ದು ಹತ್ತು ರೂಪಾಯಿ. ಆ ಹತ್ತು ರೂಪಾಯಿಯ ಹಿಂದೆ ಇಷ್ಟೆಲ್ಲ ಇದೆ ಎಂದು ನಾನು ಕೇಳಿಯೇ ಇರಲಿಲ್ಲ.

ಈಗ ನಮ್ಮ ಗ್ರಂಥಾಲಯದಲ್ಲಿ ಒಂದು ಇನ್ನೂರು ಪುಟದ ನೋಟ್‌ಬುಕ್ ಇದೆ. ಮಕ್ಕಳು ಅದಕ್ಕೆ ‘ಹುಟ್ಟದ ಬೀಜದ ಪುಸ್ತಕ’ ಎಂದು ಹೆಸರಿಟ್ಟಿದ್ದಾರೆ. ಯಾವ ಬೀಜ, ಯಾವತ್ತು ಹಾಕಿದ್ದು, ಏನಾಯಿತು ಎಂದು ಬರೆಯುತ್ತಾರೆ. ಬರೆಯಲು ಬಾರದವರು ಚಿತ್ರ ಹಾಕುತ್ತಾರೆ. ಕೋಳಿಯ ಚಿತ್ರ ಬಹಳ ಇದೆ. ಒಂದು ಪುಟದಲ್ಲಿ ಕಣ್ಣಿಲ್ಲದ ಐದು ಚಿಪ್ಪು. ಅದರ ಪಕ್ಕ ಕನ್ನಡಕ ಹಾಕಿದ ಹೆಂಗಸು, ಅದು ನಾನು.

ಅವರೆ ಸಸಿಗಳನ್ನು ಪಂಚಾಯಿತಿ ಕಾಂಪೌಂಡಿನ ಗೋಡೆಯಂಚಿಗೆ ಸಾಲಾಗಿ ನೆಟ್ಟೆವು. ಗೋಡೆಯಂಚಿಗೇ ಯಾಕೆಂದು ಯಾರೂ ಕೇಳಲಿಲ್ಲ. ಸತ್ತ ಐದರ ಬದಲಿಗೆ ಆ ಮಕ್ಕಳೇ ಹೊಸದಾಗಿ ಬೀಜ ಹಾಕಿ ಎಬ್ಬಿಸಿದರು. ಹುಡುಗಿಯ ಎರಡನೇ ಬೀಜ ಅಂಚಿನಲ್ಲೇ ಹುಟ್ಟಿತು. ಮೊಣಕಾಲುದ್ದ ಬಂದಾಗ ಆಡು ಮೇಯ್ದುಬಿಟ್ಟಿತು. ಅದನ್ನೂ ಬರೆದಿದ್ದಾಳೆ. ಚಳಿಗಾಲಕ್ಕೆ ಒಟ್ಟು ಹನ್ನೊಂದು ಗಿಡ ಉಳಿದು, ಹೂ ಬಿಟ್ಟು, ಸೊಗಡು ತುಂಬಿದ ಕಾಯಿ ಬಂದವು. ಒಂದು ಪಾಲನ್ನು ಹಂಚಿಕೊಂಡು ಮನೆಗೆ ಒಯ್ದರು. ಇನ್ನೊಂದನ್ನು ಗಿಡದಲ್ಲೇ ಒಣಗಲು ಬಿಟ್ಟು, ಬಿಡಿಸಿ, ಅಜ್ಜಿ ಹೇಳಿದ ಹಾಗೆ ಬೂದಿ ಬೆರೆಸಿ ಡಬ್ಬಿಗೆ ತುಂಬಿದೆವು. ಡಬ್ಬಿ ಈಗ ಬೀರುವಿನಲ್ಲಿ, ಪುಸ್ತಕಗಳ ಪಕ್ಕದಲ್ಲಿದೆ.

ಹೋದ ವಾರ ನಾನು ಹೋಗುವುದು ಹತ್ತು ನಿಮಿಷ ತಡವಾಯಿತು. ಒಳಗೆ ಕಥೆ ಆಗಲೇ ಶುರುವಾಗಿತ್ತು. ಹೊಸದಾಗಿ ಸೇರಿದ ನಾಲ್ಕೈದು ಪುಟಾಣಿಗಳನ್ನು ಮುಂದೆ ಕೂರಿಸಿಕೊಂಡು ಆ ಹುಡುಗಿ ಒಂದು ಚಿಪ್ಪು ಎತ್ತಿ ಹಿಡಿದಿದ್ದಳು.

“ಮೊದ್ಲು ತಿರುಗಿಸಿ ನೋಡ್ಬೇಕು,” ಎನ್ನುತ್ತಿದ್ದಳು, “ಕಣ್ಣೈತಾ ಇಲ್ವಾ ಅಂತ.”

ನಾನು ಚಪ್ಪಲಿ ಬಿಟ್ಟು ಹಿಂದಿನ ಸಾಲಿನಲ್ಲಿ ಕೂತೆ.